ಹಣ್ಣೆಲೆಯ ಬಣ್ಣ

ಬಣ್ಣದ ವಿಷಯವಾಗಿ ಬಾನುಲಿಯಲ್ಲಿ ಮಾತನಾಡುವುದು ಸ್ವಲ್ಪಮಟ್ಟಿಗೆ ಹುಚ್ಚು ಸಾಹಸವೇ ಸರಿ. ಕಣ್ಣಿನ ಕೆಲಸವನ್ನು ಕಿವಿಗೆ ಒಪ್ಪಿಸಬೇಕಾಗುತ್ತದೆ. ಆದರೂ ಈ ಹೊತ್ತು ನಾನು ಹೇಳಹೊರಟಿರುವ ಬಣ್ಣ ನೀವು ಕಾಣದುದೇನೂ ಅಲ್ಲ. ನಿಮ್ಮಲ್ಲಿ ಬಹುಮಂದಿಯ ಮನೆಯ ಮುಂದೆ, ಬೀದಿಯ ತಿರುವಿನಲ್ಲಿ, ಶಾಲೆಯ ಆವರಣದಲ್ಲಿ ವರ್ಷವರ್ಷವೂ ಬಿದ್ದು, ಪೊರಕೆಗೆ ಸಿಕ್ಕಿ, ಹೊಗೆಯಾಗಿ ಹೋಗುವಂಥದು. ನಾನು ಹೆಸರು ಹೇಳಿದರೆ ಸಾಕು, ಉಳಿದುದನ್ನು ನೀವು ನೆನಪಿನಿಂದ ತುಂಬಿಕೊಳ್ಳುವಿರೆಂಬ ಧೈರ್ಯದಿಂದ ಮೊದಲುಮಾಡುತ್ತೇನೆ.

ಕ್ಯಾಮರಾ ಹಿಡಿದ ತರುಣರು ನನ್ನನ್ನು ಆಗಾಗ ಕೇಳುವ ಪ್ರಶ್ನೆಯೊಂದುಂಟು: "ಎಲೆಗಳು ಬಣ್ಣ ತಿರುಗುವ ಕಾಲದ ಚಿತ್ರ ತೆಗೆಯಬೇಕು, ಎಲ್ಲಿಗೆ ಹೋಗಬೇಕು?" ಅಮೆರಿಕದ ಈಶಾನ್ಯ ಮೂಲೆಯ ಬೆಟ್ಟಗಳು ಬೆಂಕಿ ಬಿದ್ದಂತೆ ಕೆಂಪಾಗಿರುವ ಚಿತ್ರಗಳನ್ನು ಅವರು ಕಂಡಿರುತ್ತಾರೆ, ಜಪಾನಿನ ದೇವಾಲಯಗಳ ಅಂಗಳದ ಮೇಪಲ್ ಮರಗಳನ್ನು ಕಂಡಿರುತ್ತಾರೆ. ಅಕ್ಟೋಬರ್ ಬಂದೊಡನೆ ನಮ್ಮಲ್ಲಿಯೂ ಅದನ್ನು ಅರಸುತ್ತಾರೆ, ಕಾಣದೆ ನಿರಾಶರಾಗುತ್ತಾರೆ. ಈ ನಿರಾಶೆಗೆ ಅರ್ಧ ಕಾರಣ ನಿಘಂಟು ಎಂದು ನನಗೆ ತೋರುತ್ತದೆ. ಇಂಗ್ಲಿಷಿನ 'ಆಟಮ್' ಎಂಬ ಮಾತಿಗೆ ನಾವು ಶರದೃತು ಎಂದು ಅರ್ಥ ಬರೆದುಕೊಂಡುಬಿಟ್ಟಿದ್ದೇವೆ. ಆದರೆ ಆಶ್ವಯುಜ ಕಾರ್ತಿಕಗಳ ನಮ್ಮ ಶರತ್ಕಾಲ ಮಳೆ ತೊಳೆದ ಆಕಾಶದ ಕಾಲ, ನವರಾತ್ರಿಯ ಕಾಲ, ಬೆಳುದಿಂಗಳ ಕಾಲ. ಆಗ ಮರಗಳು ಮೈತುಂಬ ಹಸಿರಾಗಿರುತ್ತವೆ. ಎಲೆಯುದುರುವ ಕಾಲ ನಮ್ಮಲ್ಲಿ ಶಿಶಿರ. ಎಂದರೆ ಮಾಘ, ಫಾಲ್ಗುಣ. ಸಂಕ್ರಾಂತಿಯಿಂದ ಶಿವರಾತ್ರಿ ದಾಟುವವರೆಗೆ ಎಂದು ಇಟ್ಟುಕೊಂಡರೆ ಹೆಚ್ಚು ತಪ್ಪಾಗದು. ಅಕ್ಟೋಬರಿನಲ್ಲಿ ಬಣ್ಣದ ಎಲೆ ಹುಡುಕುವವನು ಪುಷ್ಯಮಾಸದಲ್ಲಿ ಮಾವಿನಹಣ್ಣು ಕೇಳಿದವನ ಹಾಗೆ.

ನಿಘಂಟನ್ನು ಬಿಟ್ಟು ಆಡುಮಾತಿಗೆ ಬಂದರೆ ಕನ್ನಡದಲ್ಲಿ ಇದಕ್ಕೊಂದು ಸೊಗಸಾದ ಪದವಿದೆ: ಹಣ್ಣೆಲೆ. ಮಾಗಿ ಬಣ್ಣ ತಿರುಗಿದ ಎಲೆಯನ್ನು ಸತ್ತ ಎಲೆಯೆಂದಾಗಲೀ ಒಣಗಿದ ಎಲೆಯೆಂದಾಗಲೀ ನಾವು ಕರೆಯಲಿಲ್ಲ, ಹಣ್ಣಾಯಿತು ಎಂದೆವು. ಒಣಗಿ ಗರಿಗರಿಯಾದ ಮೇಲೆ ಅದು ತರಗೆಲೆ. ಅದರ ಮಾತು ಬೇರೆ. ಈ ಪದವನ್ನು ಟಂಕಿಸಿದ ಹಳ್ಳಿಗನಿಗೆ ಸಸ್ಯಶಾಸ್ತ್ರ ತಿಳಿದಿರಲಿಲ್ಲ. ಆದರೆ ಸಸ್ಯಶಾಸ್ತ್ರ ಅವನ ಮಾತನ್ನು ಬಹುಮಟ್ಟಿಗೆ ಒಪ್ಪುತ್ತದೆ. ಕಾಯಿ ಹಣ್ಣಾಗುವಾಗಲೂ ಎಲೆ ಹಣ್ಣಾಗುವಾಗಲೂ ಹಸಿರು ಅಳಿದು ಹಳದಿ ಕೆಂಪುಗಳು ಮೇಲೆ ಬರುತ್ತವೆ. ಎರಡು ಕಡೆಯೂ ಎಥಿಲೀನ್ ಎಂಬ ಅನಿಲದ ಕೈವಾಡವಿದೆ. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಮುಚ್ಚಿ ಅಡೆಹಾಕಿದಾಗ ಒಳಗೆ ಕೂಡಿಕೊಂಡು ಕೆಲಸ ಮಾಡುವ ಅನಿಲವೂ ಅದೇ.

ಎಲೆಯೊಳಗೆ ನಡೆಯುವುದನ್ನು ಸ್ವಲ್ಪ ನೋಡೋಣ. ಚಿತ್ರ ತೆಗೆಯುವವನಿಗೆ ಇದರಿಂದ ಪ್ರಯೋಜನವಿದೆ. ಎಲೆಯ ಹಸಿರಿಗೆ ಕಾರಣವಾದ ಪತ್ರಹರಿತ್ತು ಒಮ್ಮೆ ತಯಾರಾಗಿ ಹಾಗೆಯೇ ಉಳಿಯುವ ವಸ್ತುವಲ್ಲ. ಬಿಸಿಲಿನಲ್ಲಿ ಸವೆಯುತ್ತ, ಹೊಸದಾಗಿ ಹುಟ್ಟುತ್ತ ಇರುತ್ತದೆ. ಎಲೆಯನ್ನು ಕಳಚುವ ಸಮಯ ಬಂದಾಗ ಮರ ಈ ಹೊಸ ಉತ್ಪತ್ತಿಯನ್ನು ನಿಲ್ಲಿಸುತ್ತದೆ. ಎಲೆಯಲ್ಲಿರುವ ಸಾರಜನಕವೇ ಮೊದಲಾದ ಬೆಲೆಯುಳ್ಳ ಪದಾರ್ಥಗಳನ್ನು ರೆಂಬೆಗೆ ಹಿಂದಕ್ಕೆಳೆದುಕೊಳ್ಳುತ್ತದೆ. ಮನೆ ಖಾಲಿ ಮಾಡುವ ಗೃಹಸ್ಥ ಪಾತ್ರೆ ಪಗಡಗಳನ್ನು ಗಾಡಿಗೆ ತುಂಬಿಸುವಂತೆ ಎನ್ನಬಹುದು. ಹಸಿರು ತೆಗೆದೊಡನೆ ಅದರ ಹಿಂದೆ ಮೊದಲಿನಿಂದಲೂ ಅಡಗಿದ್ದ ಕೆರೋಟಿನಾಯ್ಡ್ ಎಂಬ ಹಳದಿ ವರ್ಣಗಳು ಕಾಣತೊಡಗುತ್ತವೆ. ಆದುದರಿಂದ ಹಳದಿ ಎಲೆಯ ಬಣ್ಣ ಹೊಸತಲ್ಲ, ಹಳೆಯದೇ ಹೊರಬಿದ್ದದ್ದು. ಕೆಂಪಿನ ಕಥೆ ಬೇರೆ. ಆಂಥೋಸಯನಿನ್ ಎಂಬ ಕೆಂಪು ವರ್ಣವನ್ನು ಎಲೆ ತನ್ನ ಕೊನೆಯ ದಿನಗಳಲ್ಲಿ, ತನ್ನಲ್ಲಿ ಉಳಿದ ಸಕ್ಕರೆಯನ್ನು ಬಳಸಿ ಹೊಸದಾಗಿ ತಯಾರಿಸುತ್ತದೆ. ಇನ್ನೇನು ಬೀಳಲಿರುವ ಎಲೆಗೆ ಈ ಉದ್ಯೋಗವೇಕೆ? ಒಳಗಿನ ಸಾಮಾನು ಸಾಗಿಸುವ ಕೆಲಸ ಮುಗಿಯುವವರೆಗೆ ಎಲೆಯನ್ನು ಬಿಸಿಲಿನ ಹೊಡೆತದಿಂದ ಕಾಯಲು ಹಿಡಿದ ಕೊಡೆ ಅದು ಎಂಬುದು ಒಂದು ಬಲವಾದ ಅಭಿಪ್ರಾಯ. ವಿಜ್ಞಾನಿಗಳು ಈ ವಿಷಯದಲ್ಲಿ ಇನ್ನೂ ವಾದ ಮುಗಿಸಿಲ್ಲ.

ಬಿಸಿಲು ಬಿದ್ದ ಕಡೆ ಕೆಂಪು ಹೆಚ್ಚು ಎಂಬುದನ್ನಂತೂ ನೀವೇ ಪರೀಕ್ಷಿಸಬಹುದು. ಒಂದು ಎಲೆಯ ಮೇಲೆ ಇನ್ನೊಂದು ಎಲೆ ಕವಿದುಕೊಂಡಿದ್ದರೆ, ನೆರಳಿನಲ್ಲಿದ್ದ ಭಾಗ ಹಳದಿಯಾಗಿಯೇ ಉಳಿದು ಸುತ್ತಲೂ ಕೆಂಪಾಗಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಮೇಲಿನ ಎಲೆಯ ಅಂಚು ಕೆಳಗಿನ ಎಲೆಯ ಮೇಲೆ ಅಚ್ಚಾಗಿರುತ್ತದೆ. ಛಾಯಾಚಿತ್ರವೆಂಬ ಪದಕ್ಕೆ ಇದಕ್ಕಿಂತ ನಿಜವಾದ ಉದಾಹರಣೆ ನನಗೆ ತಿಳಿಯದು. ಮರ ನಮಗಿಂತ ಮೊದಲೇ ಆ ವಿದ್ಯೆಯನ್ನು ಕಲಿತಿತ್ತು.

ಶೀತದೇಶಗಳಲ್ಲಿ ಮರಕ್ಕೆ ಸೂಚನೆ ಕೊಡುವುದು ಕುಗ್ಗುವ ಹಗಲು ಮತ್ತು ಚಳಿ. ಅದು ಎಲ್ಲ ಮರಗಳಿಗೂ ಹೆಚ್ಚುಕಡಿಮೆ ಒಂದೇ ಸಲ ಮುಟ್ಟುವ ಆಜ್ಞೆಯಾದುದರಿಂದ ಇಡೀ ಬೆಟ್ಟ ಒಟ್ಟಿಗೆ ಬಣ್ಣ ತಿರುಗುತ್ತದೆ. ನಮ್ಮಲ್ಲಿ ಸೂಚನೆ ಕೊಡುವುದು ಮುಖ್ಯವಾಗಿ ನೆಲದ ಒಣಗು. ಕೆರೆಯ ಏರಿಯ ಮೇಲಿನ ಮರಕ್ಕೂ ಕಲ್ಲುನೆಲದ ಮರಕ್ಕೂ ಅದು ಒಂದೇ ದಿನ ಬರುವುದಿಲ್ಲ. ಬಂಡೀಪುರದ ಕಡೆ ಜನವರಿ ಫೆಬ್ರವರಿಗಳಲ್ಲಿ ಹೋದವರು ಇದನ್ನು ಗಮನಿಸಿರಬಹುದು: ದಿಂಡಿಗ ತಾಮ್ರದ ಬಣ್ಣಕ್ಕೆ ತಿರುಗಿರುತ್ತದೆ, ತೇಗ ಕಂದಾಗಿ ಹರಿದ ಕಾಗದದಂತೆ ಜೋಲುತ್ತದೆ, ಹಳ್ಳದ ಬದಿಯಲ್ಲಿ ಮಾತ್ರ ಹಸಿರು ಗೆರೆ ಎಳೆದಂತಿರುತ್ತದೆ. ಊರೊಳಗಾದರೆ ಒಂದು ಮರ ಕೆಂಪಾದಾಗ ಅದರ ಪಕ್ಕದ್ದು ಹಸಿರು, ಮೂರನೆಯದು ಬೋಳು. ಇಲ್ಲಿ ಬಣ್ಣ ಬೆಟ್ಟದ ಅಳತೆಯಲ್ಲಿ ಬರುವುದಿಲ್ಲ. ಮರದ ಅಳತೆಯಲ್ಲಿ, ಒಮ್ಮೊಮ್ಮೆ ಒಂದೇ ಎಲೆಯ ಅಳತೆಯಲ್ಲಿ ಬರುತ್ತದೆ. ದೂರದ ನೋಟಕ್ಕೆ ಹೊರಟವನಿಗೆ ಅದು ಸಿಕ್ಕುವುದಿಲ್ಲ. ಹತ್ತಿರ ಹೋಗಬೇಕು, ದಿನವೂ ಹೋಗಬೇಕು. ದಿನವೂ ಹೋಗಲು ಸಾಧ್ಯವಾಗುವುದು ಮನೆಯ ಬಳಿ ಇದ್ದುದಕ್ಕೆ ಮಾತ್ರ ಎಂಬುದನ್ನು ನಾನು ಬಹಳ ತಡವಾಗಿ ತಿಳಿದೆ. ಆ ತಡದ ಕಥೆಯನ್ನು ಹೇಳಿಯೇ ಮುಂದೆ ಹೋಗಬೇಕು.

ಮೈಸೂರಿನ ಒಂದು ಹಳೆಯ ಬಡಾವಣೆಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಮುಂದೆ ಒಂದು ಬಾದಾಮಿ ಮರವಿತ್ತು. ಗೋಡಂಬಿ ದ್ರಾಕ್ಷಿಯ ಜೊತೆಗೆ ಅಂಗಡಿಯಲ್ಲಿ ಮಾರುವ ಬಾದಾಮಿ ಅಲ್ಲ, ಕಾಡುಬಾದಾಮಿ, ನಾಡುಬಾದಾಮಿ ಎಂದೆಲ್ಲ ಕರೆಯುವ, ಮಕ್ಕಳು ಕಾಯಿ ಜಜ್ಜಿ ಒಳಗಿನ ಸಣ್ಣ ಬೀಜ ತಿನ್ನುವ ಮರ. ಕೊಂಬೆಗಳು ಕಾಂಡದ ಸುತ್ತ ಅಂತಸ್ತು ಅಂತಸ್ತಾಗಿ, ಕೊಡೆಯ ಮೇಲೆ ಕೊಡೆ ಹಿಡಿದಂತೆ ಹಬ್ಬಿರುತ್ತವೆ. ಅಂಗೈಗಿಂತ ದೊಡ್ಡದಾದ ಎಲೆಗಳು ರೆಂಬೆಯ ತುದಿಯಲ್ಲಿ ಗೊಂಚಲುಗಟ್ಟಿರುತ್ತವೆ. ನಮ್ಮ ಬೀದಿಮರಗಳಲ್ಲಿ ಹಣ್ಣೆಲೆಯ ಕೆಂಪನ್ನು ಇದರಷ್ಟು ಧಾರಾಳವಾಗಿ ತೋರುವುದು ಮತ್ತೊಂದಿಲ್ಲ. ಒಂದೇ ಗೊಂಚಲಿನಲ್ಲಿ ಹಸಿರು, ಅರಿಸಿನ, ಇಟ್ಟಿಗೆ, ದಾಳಿಂಬೆಸಿಪ್ಪೆ, ಕೊನೆಗೆ ಒಣಕುಂಕುಮದ ಕೆಂಪು, ಎಲ್ಲವೂ ಏಕಕಾಲದಲ್ಲಿರುತ್ತವೆ. ಕೆಲವು ಕಡೆಗಳಲ್ಲಿ ಇದು ವರ್ಷಕ್ಕೆ ಎರಡು ಸಲವೂ ಎಲೆ ಕಳಚುತ್ತದೆ; ಆದರೆ ಚಳಿಗಾಲದ ಸರದಿಯೇ ಹೆಚ್ಚು ಚೆನ್ನ.

೧೯೭೪ರ ಸಂಕ್ರಾಂತಿಯ ದಿನ ಎಳ್ಳು ಬೀರಿ ಬಂದ ನನ್ನ ತಂಗಿಯನ್ನು ಆ ಮರದ ಕೆಳಗೆ ನಿಲ್ಲಿಸಿ ಒಂದು ಚಿತ್ರ ತೆಗೆದೆ. ಆಗ್ಫಾ ಕ್ಲಿಕ್ ತ್ರೀ ಎಂಬ ಡಬ್ಬಿ ಕ್ಯಾಮರಾ; ಊಟಿಯಲ್ಲಿ ತಯಾರಾಗುತ್ತಿದ್ದ 'ಇಂದು' ಎಂಬ ಕಪ್ಪುಬಿಳುಪು ಫಿಲ್ಮು; ಒಂದು ಸುರುಳಿಗೆ ಹನ್ನೆರಡು ಚಿತ್ರ. ಮರ ಅಂದು ಉರಿಯುತ್ತಿತ್ತು. ಪ್ರಿಂಟು ಬಂದಾಗ ನೋಡಿದರೆ ತಂಗಿಯ ಹಿಂದೆ ಒಂದು ಬೂದು ಮರ. ಇದು ಫಿಲ್ಮಿನ ತಪ್ಪಲ್ಲ. ಕಪ್ಪುಬಿಳುಪು ಫಿಲ್ಮಿಗೆ ಗೊತ್ತಾಗುವುದು ಬೆಳಕಿನ ಹೆಚ್ಚುಕಡಿಮೆ ಮಾತ್ರ. ಸಮಾನ ಕಾಂತಿಯುಳ್ಳ ಕೆಂಪು ಎಲೆಯೂ ಹಸಿರು ಎಲೆಯೂ ಅದಕ್ಕೆ ಒಂದೇ ಬೂದು. ಮಸೂರದ ಮುಂದೆ ಒಂದು ಕೆಂಪು ಗಾಜು ಹಿಡಿದಿದ್ದರೆ ಕೆಂಪೆಲೆಗಳು ಬೆಳ್ಳಗಾಗಿ ಹಸಿರಿನಿಂದ ಬೇರೆಯಾಗಿ ನಿಲ್ಲುತ್ತಿದ್ದವು. ಆ ತಿಳಿವಳಿಕೆ ಆಗ ನನಗಿರಲಿಲ್ಲ.

ಮುಂದೆ ಕೈಯಲ್ಲಿ ಸ್ವಲ್ಪ ಹಣ ಆಡಿತು, ಒಳ್ಳೆಯ ಕ್ಯಾಮರಾ ಬಂತು, ಬಣ್ಣದ ಫಿಲ್ಮು ಬಂತು. ೧೯೮೬ರ ಅಕ್ಟೋಬರಿನಲ್ಲಿ ಜಮ್ಮುವಿನವರೆಗೆ ರೈಲಿನಲ್ಲಿ, ಅಲ್ಲಿಂದ ಬಸ್ಸಿನಲ್ಲಿ ಶ್ರೀನಗರಕ್ಕೆ ಹೋದೆ. ಚಿನಾರ್ ಮರಗಳ ಬಣ್ಣ ನೋಡಬೇಕೆಂಬುದೊಂದೇ ಉದ್ದೇಶ. ಆ ಋತುವನ್ನು ಕಾಶ್ಮೀರಿಗಳು ಹರುದ್ ಎನ್ನುತ್ತಾರೆ. ನಸೀಮ್ ಬಾಗ್‌ನ ಮುದಿ ಚಿನಾರ್‌ಗಳ ಕೆಳಗೆ ನಿಂತಾಗ ನನ್ನ ಗಂಟಲು ಕಟ್ಟಿತೆಂದರೆ ಉತ್ಪ್ರೇಕ್ಷೆಯಲ್ಲ. ಅಲ್ಲಿಯ ಹೆಂಗಸರು ಬಿದ್ದ ಎಲೆಗಳನ್ನು ಗುಡಿಸಿ, ರಾಶಿ ಹಾಕಿ, ಸುಟ್ಟು, ನೀರು ಚಿಮುಕಿಸಿ ಇದ್ದಿಲು ಮಾಡುವುದನ್ನು ಕಂಡೆ. ಚಳಿಗಾಲದಲ್ಲಿ ನಿಲುವಂಗಿಯೊಳಗೆ ಹಿಡಿದುಕೊಳ್ಳುವ ಕಾಂಗ್ಡಿ ಎಂಬ ಅಗ್ಗಿಷ್ಟಿಕೆಗೆ ಅದು ಬೇಕು. ಮೂರು ಸುರುಳಿ ಸ್ಲೈಡುಗಳನ್ನು ತೆಗೆದೆ. ಅವು ಈಗಲೂ ನನ್ನಲ್ಲಿವೆ, ಚೆನ್ನಾಗಿಯೂ ಇವೆ.

೧೯೯೩ರಲ್ಲಿ ಬೀದಿಯನ್ನು ಅಗಲ ಮಾಡಬೇಕಾಯಿತು. ಬಾದಾಮಿ ಮರ ಹೋಯಿತು. ಅರ್ಧ ದಿನದ ಕೆಲಸ. ಅದಾಗಿ ಕೆಲವು ವರ್ಷಗಳ ಮೇಲೆ, ನಮ್ಮ ತಾಯಿ ತೀರಿಕೊಂಡ ನಂತರ, ತಂಗಿ ಕಾಗದ ಬರೆದಳು: "ಅಣ್ಣಾ, ನಮ್ಮ ಬಾದಾಮಿ ಮರದ ಬಣ್ಣದ ಫೋಟೋ ನಿನ್ನ ಹತ್ತಿರ ಒಂದಾದರೂ ಇರುತ್ತದಲ್ಲ, ಕಳಿಸು. ಅಮ್ಮ ಅದರ ಎಲೆ ಆರಿಸಿ ದೇವರ ಮುಂದೆ ಹಣ್ಣು ಇಡುತ್ತಿದ್ದದ್ದು ನೆನಪಾಗುತ್ತದೆ." ನಾನು ಎರಡು ದಿನ ಪೆಟ್ಟಿಗೆಗಳನ್ನು ಕೆದಕಿದೆ. ಚಿನಾರ್ ಇತ್ತು, ಊಟಿಯ ನೀಲಗಿರಿ ಇತ್ತು, ಕೊಡಗಿನ ಕಿತ್ತಳೆ ತೋಟವಿತ್ತು. ಹತ್ತೊಂಬತ್ತು ವರ್ಷ ಪ್ರತಿ ಚಳಿಗಾಲದಲ್ಲೂ ಕ್ಯಾಮರಾ ಹೆಗಲಿಗೆ ಹಾಕಿಕೊಂಡು ಆ ಮರದ ಕೆಳಗಿನಿಂದಲೇ ಹೊರಟು ಬೇರೆಲ್ಲಿಗೋ ಹೋಗಿದ್ದೆ. ಸಿಕ್ಕಿದ್ದು ೧೯೭೪ರ ಆ ಬೂದು ಚಿತ್ರವೊಂದೇ. ಅದರ ಒಂದು ಪ್ರತಿಯನ್ನೇ ಕಳಿಸಿದೆ. ಇತ್ತೀಚೆಗೆ ತಂಗಿಯ ಮಗ ಕಂಪ್ಯೂಟರಿಗೆ ಹೇಳಿ ಆ ಚಿತ್ರಕ್ಕೆ ಬಣ್ಣ ತುಂಬಿಸಿದ. ತಂಗಿಯ ಲಂಗಕ್ಕೆ ಏನೋ ಒಂದು ನೀಲಿ ಬಂತು, ಮುಖಕ್ಕೆ ಮುಖದ ಬಣ್ಣ ಬಂತು; ಮರವನ್ನು ಮಾತ್ರ ಯಂತ್ರ ಆಮೂಲಾಗ್ರ ಹಸಿರು ಮಾಡಿತು. ಮರವೆಂದರೆ ಹಸಿರು ಎಂದು ಅದಕ್ಕೆ ಯಾರೋ ಕಲಿಸಿದ್ದಾರೆ. ಲಂಗ ಯಾವ ಬಣ್ಣದ್ದೆಂದು ತಂಗಿಗೂ ಈಗ ನೆನಪಿಲ್ಲ. ಎಲೆ ಕೆಂಪಗಿತ್ತೆಂಬುದು ನೆನಪಿದೆ.

ಆ ಕಾಗದ ಬಂದ ಚಳಿಗಾಲದಿಂದ ನಾನು ಹಣ್ಣೆಲೆಗಳನ್ನು ಮನೆಯಿಂದ ನಡೆದುಹೋಗುವ ದೂರದಲ್ಲಿಯೇ ತೆಗೆಯುತ್ತಿದ್ದೇನೆ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದ ಸುತ್ತಿನಲ್ಲಿಯೇ ವರ್ಷಗಟ್ಟಲೆ ಹಕ್ಕಿಗಳ ಚಿತ್ರ ತೆಗೆದರೆಂಬುದು ನಿಮಗೆ ಗೊತ್ತಿರುವ ಸಂಗತಿ. ನನ್ನದು ಅಂಥ ಸಾಧನೆಯೇನಲ್ಲ. ಆದರೆ ತಪ್ಪು ಮಾಡಿ ಮಾಡಿ ಕಲಿತ ಕೆಲವು ವಿಷಯಗಳಿವೆ, ಅವನ್ನು ಹೇಳುತ್ತೇನೆ.

ಮೊದಲನೆಯದು ಬಿಸಿಲು. ವಿದೇಶದ ಪುಸ್ತಕಗಳನ್ನು ಓದಿ ಇಲ್ಲಿ ಚಿತ್ರ ತೆಗೆಯುವವರು ಎಡವುವುದು ಇಲ್ಲಿಯೇ. ಅಕ್ಟೋಬರ್ ಕೊನೆಯ ವಾರದಲ್ಲಿ ಲಂಡನ್ನಿನ ನಡುಹಗಲಿನ ಸೂರ್ಯ ದಿಗಂತದಿಂದ ಸುಮಾರು ೨೬ ಡಿಗ್ರಿಗಿಂತ ಮೇಲೇರುವುದಿಲ್ಲ. ದಿನವೆಲ್ಲ ಓರೆಬಿಸಿಲು; ಎಲೆಗಳ ಮೂಲಕ ಹಾದು ಬರುವ ಬೆಳಕು. ಮೈಸೂರಿನಲ್ಲಿ ಜನವರಿ ಇಪ್ಪತ್ತರ ಸುಮಾರಿನಲ್ಲಿ, ಎಂದರೆ ನಮ್ಮ ಸೂರ್ಯ ಬಹಳ ತಗ್ಗಿರುವ ಕಾಲದಲ್ಲೇ, ನಡುಹಗಲಿಗೆ ಅವನು ೫೭ ಡಿಗ್ರಿಯ ಮೇಲಿರುತ್ತಾನೆ. ಅಷ್ಟೇ ಅಲ್ಲ, ನಮ್ಮಲ್ಲಿ ಅವನು ಏರುವುದೂ ನೆಟ್ಟಗೆ, ಬೇಗ. ಉದಯವಾಗಿ ಒಂದು ಗಂಟೆಯಾಗುವಷ್ಟರಲ್ಲಿ ಹದಿಮೂರು ಡಿಗ್ರಿ ಏರಿಬಿಟ್ಟಿರುತ್ತಾನೆ. ಲಂಡನ್ನಿನಲ್ಲಿ ಅದೇ ಒಂದು ಗಂಟೆಗೆ ಒಂಬತ್ತು ಡಿಗ್ರಿಯೂ ಆಗಿರುವುದಿಲ್ಲ. ಆದುದರಿಂದ ಪುಸ್ತಕ ಹೇಳುವ ಹೊನ್ನಿನ ಬೆಳಕು ನಮಗೆ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಏಳು ಗಂಟೆಯಿಂದ ಎಂಟರೊಳಗೆ ಕೆಲಸ ಮುಗಿಸಬೇಕು. ಕಾಫಿ ಕುಡಿದು, ಪತ್ರಿಕೆ ಓದಿ ಹೊರಡುತ್ತೇನೆಂದವನಿಗೆ ಎಲೆ ಇರುತ್ತದೆ, ಬೆಳಕಿರುವುದಿಲ್ಲ. ಮನೆಯ ಹತ್ತಿರದ ಮರದ ಇನ್ನೊಂದು ಗುಣ ಇದರಿಂದ ತಿಳಿಯುತ್ತದೆ: ಒಂದು ಗಂಟೆಯ ಬೆಳಕಿಗಾಗಿ ನೂರು ಮೈಲಿ ಹೋಗಿ ಬರಲು ಯಾರಿಂದಾದೀತು?

ಆ ಬೆಳಕಿನಲ್ಲಿ ಎಲ್ಲಿ ನಿಲ್ಲಬೇಕು? ಬಿಸಿಲು ನಮ್ಮ ಬೆನ್ನಿಗಿರಬೇಕೆಂದು ಹಿಂದೆ ಸ್ಟುಡಿಯೋದವರು ಹೇಳುತ್ತಿದ್ದರು. ಎಲೆಗೆ ಅದು ಸಲ್ಲದು. ಬಾದಾಮಿಯ ಎಲೆ ಚರ್ಮದಂತೆ ದಪ್ಪ, ಮೇಲೆ ಮೇಣದ ನುಣುಪು. ಎದುರಿನಿಂದ ಬಿದ್ದ ಬಿಸಿಲು ಆ ನುಣುಪಿನ ಮೇಲೆ ಹೊಳೆದು ಬಿಳಿಯ ಪೊರೆಯಾಗುತ್ತದೆ. ಬಣ್ಣ ಅದರ ಕೆಳಗೆ ಮಸುಕಾಗುತ್ತದೆ. ಮರವನ್ನು ಸುತ್ತಿ ಆಚೆ ಕಡೆಗೆ ಹೋಗಿ, ಸೂರ್ಯ ಎಲೆಯ ಹಿಂದೆ ಇರುವಂತೆ ನಿಂತು ನೋಡಿ. ಬೆಳಕು ಎಲೆಯೊಳಗೆ ಹೊಕ್ಕು ಬಣ್ಣವನ್ನು ಹೊತ್ತು ಈಚೆಗೆ ಬರುತ್ತದೆ. ಒಳಗಿನ ನರಗಳು ಹಳದಿಯ ಗೆರೆಗಳಾಗಿ ಕಾಣುತ್ತವೆ, ಹುಳು ಕೊರೆದ ತೂತುಗಳು ಚುಕ್ಕೆಗಳಾಗಿ ಉರಿಯುತ್ತವೆ. ಅದೇ ಎಲೆ, ಅದೇ ಕ್ಷಣ. ನೀವು ಹತ್ತು ಹೆಜ್ಜೆ ನಡೆದಿರಿ, ಅಷ್ಟೆ. ಸೂರ್ಯನನ್ನು ಮಾತ್ರ ರೆಂಬೆಯ ಮರೆಗೆ ತಳ್ಳಿ. ಇಲ್ಲದಿದ್ದರೆ ಮಸೂರದೊಳಗೆ ಬೆಳಕು ಚೆಲ್ಲಿ ಚಿತ್ರವೆಲ್ಲ ತೆಳ್ಳಗಾಗುತ್ತದೆ. ಮೋಡ ಕವಿದ ದಿನ ಈ ಚಮತ್ಕಾರ ದೊರೆಯುವುದಿಲ್ಲ. ಆದರೆ ನೆಲದ ಮೇಲೆ ಬಿದ್ದ ಎಲೆಗಳಿಗೆ ಅಂಥ ದಿನವೇ ಒಳ್ಳೆಯದು. ಹೊಳಪು ಉಪದ್ರವ ಕೊಟ್ಟರೆ ಪೋಲರೈಸರ್ ಎಂಬ ಫಿಲ್ಟರನ್ನು ತಿರುಗಿಸಿ ಅದನ್ನು ಬಹುಮಟ್ಟಿಗೆ ಅಳಿಸಬಹುದು.

ಹಿನ್ನೆಲೆಯ ಕಷ್ಟ ಇದಕ್ಕಿಂತ ದೊಡ್ಡದು. ಮನೆಯ ಹತ್ತಿರ ಎಂದರೆ ವಿದ್ಯುತ್ ತಂತಿ, ನೀರಿನ ತೊಟ್ಟಿ, ಪಕ್ಕದ ಮನೆಯ ಒಣಹಾಕಿದ ಬಟ್ಟೆ. ಆಕಾಶವನ್ನೇ ಹಿನ್ನೆಲೆ ಮಾಡಿಕೊಳ್ಳೋಣವೆಂದರೆ ಕ್ಯಾಮರಾದ ಮಾಪಕ ಆಕಾಶದ ಬೆಳ್ಳನೆಯ ಬೆಳಕಿಗೆ ಹೆದರಿ ಎಲೆಯನ್ನು ಕಪ್ಪುಮಾಡುತ್ತದೆ. ಎಲೆಯ ಹಿಂದೆ ಒಂದು ಕತ್ತಲನ್ನು ತಂದುಕೊಳ್ಳಬೇಕು: ನೆರಳಿನಲ್ಲಿರುವ ಗೋಡೆ, ತೆರೆದ ಬಾಗಿಲಿನ ಒಳಗಿನ ಕತ್ತಲು, ಇನ್ನೊಂದು ಮರದ ಕಾಂಡ. ಎರಡು ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದರೆ ಅದು ಸಿಕ್ಕುತ್ತದೆ. ನೆಲದ ಎಲೆಗಳಿಗೆ ನಮ್ಮ ಹಳೆಯ ಮನೆಗಳ ಕಡಪದ ಕಲ್ಲಿನಷ್ಟು ಒಳ್ಳೆಯ ಹಿನ್ನೆಲೆ ಬೇರೊಂದಿಲ್ಲ. ರಾತ್ರಿಯ ಇಬ್ಬನಿಗೆ ಒದ್ದೆಯಾದ ಕರಿಯ ಕಲ್ಲು, ಅದರ ಮೇಲೆ ಒಂದೇ ಒಂದು ಕೆಂಪೆಲೆ. ಕಾವಿ ಬಳಿದ ಕೆಂಪು ನೆಲದ ಮೇಲಾದರೆ ಅದೇ ಎಲೆ ಕಳೆದುಹೋಗುತ್ತದೆ.

ಹಸಿರಿಗಿಂತ ಕೆಂಪನ್ನು ಹಿಡಿಯುವುದು ಕಷ್ಟವೆಂಬುದನ್ನು ಈಗಿನ ಡಿಜಿಟಲ್ ಕ್ಯಾಮರಾ ಹಿಡಿದವರೂ ಮೊಬೈಲು ಹಿಡಿದವರೂ ನೆನಪಿಡಬೇಕು. ಯಂತ್ರ ಕೆಂಪು, ಹಸಿರು, ನೀಲಿಗಳನ್ನು ಬೇರೆಬೇರೆಯಾಗಿ ಅಳೆಯುತ್ತದೆ. ಹಿಂದಿನಿಂದ ಬೆಳಗಿದ ಬಾದಾಮಿ ಎಲೆಯಲ್ಲಿ ಕೆಂಪಿನ ಪಾತ್ರೆ ಮಾತ್ರ ತುಂಬಿ ಉಕ್ಕುತ್ತದೆ, ಉಳಿದೆರಡು ಅರೆಯಾಗಿರುತ್ತವೆ. ಒಟ್ಟು ಬೆಳಕು ಸರಿಯಾಗಿದೆಯೆಂದು ಮಾಪಕ ಹೇಳುತ್ತಿದ್ದರೂ ಎಲೆ ನರಗಳಿಲ್ಲದ, ಬಣ್ಣದ ಕಾಗದ ಕತ್ತರಿಸಿ ಅಂಟಿಸಿದಂಥ ಕೆಂಪು ತುಂಡಾಗುತ್ತದೆ. ನಿಮಗೆ ಸರಿಯೆನಿಸಿದುದಕ್ಕಿಂತ ಬೆಳಕನ್ನು ಅರ್ಧ ಸ್ಟಾಪಿನಷ್ಟು, ಬೇಕಾದರೆ ಒಂದು ಸ್ಟಾಪಿನಷ್ಟು ತಗ್ಗಿಸಿ. ಮೊಬೈಲಿನಲ್ಲಾದರೆ ಎಲೆಯ ಮೇಲೆ ಬೆರಳು ಒತ್ತಿ, ಬೆಳಕಿನ ಗುರುತನ್ನು ಕೆಳಕ್ಕೆಳೆದರಾಯಿತು. ನರಗಳು ಕಾಣುತ್ತಿವೆಯೇ ಎಂಬುದೊಂದೇ ಪರೀಕ್ಷೆ. ಇನ್ನೊಂದು ಮಾತು: ಬಿಳುಪನ್ನು ತಾನಾಗಿ ಹೊಂದಿಸುವ ಏರ್ಪಾಡು ಬೆಳಗಿನ ಹೊಂಬಿಸಿಲನ್ನು ಒಂದು ದೋಷವೆಂದು ಭಾವಿಸಿ ತಿದ್ದಿಬಿಡುತ್ತದೆ. ಅದನ್ನು ಬಿಸಿಲಿನ ಗುರುತಿಗೆ ಕಟ್ಟಿಹಾಕಿ.

ಎಲೆಗಳನ್ನು ನಾವೇ ಜೋಡಿಸಬಹುದೇ ಎಂದು ಕೇಳುವವರಿದ್ದಾರೆ. ಬೋರಲು ಬಿದ್ದ ಎಲೆಯನ್ನು ತಿರುಗಿಸಿಡುವುದಕ್ಕೆ, ಪಕ್ಕದ ಪ್ಲಾಸ್ಟಿಕ್ ಚೀಲ ತೆಗೆಯುವುದಕ್ಕೆ ನನ್ನ ಆಕ್ಷೇಪವಿಲ್ಲ. ನೀರು ಚಿಮುಕಿಸಿ ಇಬ್ಬನಿಯೆನ್ನುವುದು ನನಗೆ ಸೇರದು. ಬಣ್ಣವನ್ನು ಆಮೇಲೆ ಕಂಪ್ಯೂಟರಿನಲ್ಲಿ ಏರಿಸಿ ಏರಿಸಿ ಇಟ್ಟಿಗೆಗೆಂಪನ್ನು ಲಿಪ್‌ಸ್ಟಿಕ್ ಮಾಡುವವರ ವಿಷಯದಲ್ಲಿ ನನಗೆ ಮರುಕವಿದೆ. ಅವರು ಎಲೆಯನ್ನು ಕೈಯಲ್ಲಿ ಹಿಡಿದು ನೋಡಿಲ್ಲ. ನಿಜವಾದ ಹಣ್ಣೆಲೆಯ ಕೆಂಪಿನಲ್ಲಿ ಸ್ವಲ್ಪ ಕಂದು, ಸ್ವಲ್ಪ ಮಸಿ, ಧೂಳು, ಹಕ್ಕಿಯ ಹಿಕ್ಕೆ ಎಲ್ಲ ಇರುತ್ತದೆ.

ಇನ್ನು ನಮ್ಮ ನೆಲದ ವಿಶೇಷವೊಂದನ್ನು ಹೇಳದೆ ಈ ವಿಷಯ ಮುಗಿಯುವುದಿಲ್ಲ. ಶೀತದೇಶದಲ್ಲಿ ಎಲೆ ಬಿದ್ದ ಮೇಲೆ ಮರ ತಿಂಗಳುಗಟ್ಟಲೆ ಬೋಳಾಗಿ ಹಿಮದಲ್ಲಿ ನಿಂತಿರುತ್ತದೆ. ನಮ್ಮಲ್ಲಿ ಎಷ್ಟೋ ಮರಗಳು ಹಳೆಯ ಎಲೆ ಕಳಚಿದ ಕೆಲವು ದಿನಗಳಲ್ಲಿಯೇ, ಮಳೆಗೆ ಇನ್ನೂ ತಿಂಗಳುಗಳಿರುವಾಗಲೇ, ಚಿಗುರುತ್ತವೆ. ಆ ಚಿಗುರಿನ ಬಣ್ಣವೂ ಹಲವು ಮರಗಳಲ್ಲಿ ಕೆಂಪು! ಅರಳಿಯ ತಳಿರು ಗುಲಾಬಿ ಬೆರೆತ ತಾಮ್ರ, ಮಾವಿನದು ಕೆಂಗಂದು, ಬೇವಿನ ಕುಡಿಯಲ್ಲಿ ನಸುಗೆಂಪು, ನಾಗಸಂಪಿಗೆಯದು ಎಳೆಯ ರಕ್ತದ ಬಣ್ಣ. ಕಾಡಿನಲ್ಲಿ ಸಾಗಡೆ ಮರ ಚಿಗುರಿದಾಗ ದೂರದಿಂದ ನೋಡಿದವರು ಹೂ ಬಿಟ್ಟಿದೆಯೆಂದೇ ತಿಳಿಯುತ್ತಾರೆ. ಈ ಎಳೆಗೆಂಪಿಗೂ ಕಾರಣ ಅದೇ ಆಂಥೋಸಯನಿನ್. ಹಸಿರಿನ ಕಾರ್ಖಾನೆ ಇನ್ನೂ ಪೂರ್ತಿ ನಿಲ್ಲದ ಮೆದು ಎಲೆಯನ್ನು ಬಿಸಿಲಿನಿಂದ, ಪ್ರಾಯಶಃ ಹುಳುಗಳಿಂದಲೂ, ಕಾಯುವುದಕ್ಕೆ ಅದು ನೆರವಾಗುತ್ತದೆಂದು ಹೇಳುತ್ತಾರೆ. ಹಣ್ಣೆಲೆಯನ್ನು ನೋಡಿ ಚಿಗುರೆಲೆ ನಕ್ಕಿತೆಂಬ ಗಾದೆ ನಮ್ಮಲ್ಲುಂಟು. ನಗುವಾಗ ಎರಡೂ ಒಂದೇ ಬಣ್ಣದ ಬಟ್ಟೆ ಉಟ್ಟಿದ್ದವೆಂಬುದನ್ನು ಗಾದೆ ಹೇಳಿದವರು ಗಮನಿಸಿದ್ದರೋ ಇಲ್ಲವೋ.

ಚಿತ್ರದಲ್ಲಿ ಇವೆರಡನ್ನೂ ಬೇರೆ ಮಾಡಿ ತೋರಿಸುವುದು ಹೇಗೆ? ಬಣ್ಣದಿಂದ ಸಾಧ್ಯವಿಲ್ಲ; ನಿಲುವಿನಿಂದ ಸಾಧ್ಯ. ಹಣ್ಣೆಲೆ ಬಿಗಿಯಾಗಿರುತ್ತದೆ, ಅಂಚು ಹರಿದಿರುತ್ತದೆ, ಮೈಮೇಲೆ ಒಂದು ವರ್ಷದ ಗಾಯಗಳ ಗುರುತಿರುತ್ತದೆ. ಎಳೆಯ ತಳಿರು ಒದ್ದೆ ಬಟ್ಟೆಯಂತೆ ಕೆಳಕ್ಕೆ ಜೋತಿರುತ್ತದೆ, ಮೈ ನಿಷ್ಕಳಂಕ. ಹೋದ ಫಾಲ್ಗುಣದಲ್ಲಿ ಒಂದು ಅರಳಿಮರದ ಕೆಳಗೆ ಮೂರು ದಿನ ನಿಂತು, ಒಂದೇ ರೆಂಬೆಯಲ್ಲಿ ಕೊನೆಯ ಹಳದಿ ಎಲೆಯೂ ಮೊದಲ ತಾಮ್ರದ ಎಲೆಯೂ ಇರುವ ಚಿತ್ರ ತೆಗೆದೆ. ನಾಲ್ಕನೆಯ ದಿನ ಹೋದಾಗ ಹಳದಿ ಎಲೆ ಇರಲಿಲ್ಲ.

ಇದಕ್ಕೆಲ್ಲ ದಿನಾಂಕ ಬರೆದಿಡುವುದು ಒಳ್ಳೆಯ ಅಭ್ಯಾಸ. ಒಂದೇ ಮರವನ್ನು, ಒಂದೇ ಜಾಗದಲ್ಲಿ ನಿಂತು, ವಾರಕ್ಕೊಮ್ಮೆ ತೆಗೆಯಿರಿ. ಮೂರು ನಾಲ್ಕು ವರ್ಷ ಕಳೆದ ಮೇಲೆ ಆ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿದರೆ ಮರದ ನಡೆನುಡಿ ತಿಳಿಯುತ್ತದೆ. ಮಳೆ ಹೆಚ್ಚಾದ ವರ್ಷ ಅದು ಎಷ್ಟು ತಡಮಾಡಿತು, ಒಣಗಿದ ವರ್ಷ ಎಷ್ಟು ಅವಸರಪಟ್ಟಿತು ಎಂಬುದು ಕಾಣುತ್ತದೆ. ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ನಮ್ಮ ದೇಶದ ಶಾಲಾಮಕ್ಕಳೂ ಸಾಮಾನ್ಯ ಜನರೂ ತಮ್ಮ ಮನೆಯ ಹತ್ತಿರದ ಮರಗಳ ಎಲೆ, ಹೂ, ಕಾಯಿಗಳ ಸ್ಥಿತಿಯನ್ನು ಹೀಗೆ ವಾರವಾರ ದಾಖಲಿಸುತ್ತಿದ್ದಾರೆ. ಋತುಗಳು ಸ್ಥಾನಪಲ್ಲಟವಾಗುತ್ತಿರುವ ಈ ಕಾಲದಲ್ಲಿ ವಿಜ್ಞಾನಿಗಳಿಗೆ ಅದು ಬೇಕಾದ ಮಾಹಿತಿ.

ಈಗ ನಾನಿರುವ ಬೀದಿಯ ತುದಿಯಲ್ಲಿ ಒಂದು ಖಾಲಿ ನಿವೇಶನವಿದೆ. ಅದರ ಮೂಲೆಯಲ್ಲಿ ಯಾರೂ ನೆಡದ ಒಂದು ಬಾದಾಮಿ ಮರವಿದೆ. ಬಾವಲಿಗಳು ಈ ಮರದ ಹಣ್ಣನ್ನು ಕಚ್ಚಿಕೊಂಡು ಹೋಗಿ, ಸಿಪ್ಪೆಯ ತಿರುಳು ತಿಂದು ಬೀಜವನ್ನು ದೂರ ಬೀಳಿಸುವುದುಂಟು. ಇದೂ ಹಾಗೆ ಬಂದದ್ದಿರಬೇಕು. ಮೂರು ಅಂತಸ್ತು ಏರಿದೆ. ನಿವೇಶನದ ಒಡೆಯರು ಇನ್ನೂ ಮನೆ ಕಟ್ಟುವ ಯೋಚನೆ ಮಾಡಿಲ್ಲ. ಮಾಡುವರೆಂಬುದು ಗೊತ್ತಿರುವುದರಿಂದ ಒಂದು ವಾರವನ್ನೂ ತಪ್ಪಿಸುವುದಿಲ್ಲ. ಗಾಳಿ ಬೀಸಿದಾಗ ಅದರ ಎಲೆಗಳು ಎದುರುಮನೆಯ ಅಂಗಳಕ್ಕೆ ಬೀಳುತ್ತವೆ. ಆ ಮನೆಯ ತಾಯಿ ಬೆಳಗಾಗುವ ಮುನ್ನ ಸಾರಿಸಿ ರಂಗವಲ್ಲಿ ಇಡುತ್ತಾರೆ. ಬಿಳಿಯ ಗೆರೆಗಳ ಮೇಲೆ ಏಳು ಗಂಟೆಗೆಲ್ಲ ಒಂದೆರಡು ಕೆ‌ಂಪೆಲೆ ಬಂದು ಕುಳಿತಿರುತ್ತವೆ. ನಸೀಮ್ ಬಾಗ್‌ನಲ್ಲಿ ನನಗೆ ಅಂಥ ಚಿತ್ರ ಸಿಕ್ಕಿರಲಿಲ್ಲ. ಮೊದಲ ವರ್ಷ ನಾನು ಅವರ ಬಾಗಿಲ ಮುಂದೆ ಕುಕ್ಕುರುಗಾಲಿನಲ್ಲಿ ಕುಳಿತು ಏನು ಮಾಡುತ್ತಿರುವೆನೆಂದು ಅವರಿಗೆ ಅನುಮಾನವಿತ್ತು. ಚಿತ್ರಗಳನ್ನು ತೋರಿಸಿದ ಮೇಲೆ ಅದು ಹೋಯಿತು. ಈಗ ಮಾಘಮಾಸ ಬಂತೆಂದರೆ ಪೊರಕೆ ಹಿಡಿದು ಹೊಸ್ತಿಲಲ್ಲಿ ನಿಂತು ಅವರೇ ಕೂಗಿ ಕೇಳುತ್ತಾರೆ: "ರಾಯರೇ, ಇವತ್ತಿಂದು ನಿಮ್ಮದು ಆಯ್ತೇ? ಗುಡಿಸಲೇ?"